ಜಾಯಿಕಾಯಿ ಎರಡು ಸುತ್ತು

"ಗುರುಗಳೇ, ಒಂದು ತಿಂಗಳಿಂದ ನನ್ನ ಮನಸ್ಸು ಸದ್ದಿಲ್ಲದೆ ಇದೆ. ಒಂದು ಪ್ರಶ್ನೆಯೂ ಏಳುತ್ತಿಲ್ಲ. ಇದನ್ನು ಶಾಂತಿ ಎನ್ನಬಹುದೇ?" ಎಂದು ಶಿಷ್ಯ ಅಡಿವೆಯ್ಯ ಕೇಳಿದ.

ಗುರುಗಳು ಅವನನ್ನು ಅನುಮಾನದಿಂದಲೇ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಕುಂಬಾರನಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೆಣ್ಣುಕೂಸು ಹುಟ್ಟಿತು. ಸಂಜೆಯಾದರೆ ಅದು ಹೊಟ್ಟೆನೋವಿಗೆ ಕಾಲು ಮಡಚಿಕೊಂಡು ಅಳುತ್ತಿತ್ತು. ಕುಂಬಾರನ ತಾಯಿ ಬಜೆ, ಅಳಲೆಕಾಯಿ, ಜಾಯಿಕಾಯಿಗಳನ್ನು ಎದೆಹಾಲಿನಲ್ಲಿ ತೇಯ್ದು ನೆಕ್ಕಿಸುತ್ತಿದ್ದಳು. ಆ ಮದ್ದಿಗೆ ತೂಕವಿಲ್ಲ. ಕಲ್ಲಿನ ಮೇಲೆ ಎಷ್ಟು ಸುತ್ತು ಎಂಬುದೇ ಲೆಕ್ಕ. ಜಾಯಿಕಾಯಿ ಎರಡೇ ಸುತ್ತು. ಮುದುಕಿಯ ಕಣ್ಣು ಮಂಜಾಗಿದ್ದರೂ ಲೆಕ್ಕ ತಪ್ಪುತ್ತಿರಲಿಲ್ಲ. ಆರು ಮಕ್ಕಳನ್ನು ಅದೇ ಲೆಕ್ಕದಲ್ಲಿ ಸಾಕಿದವಳು. ಅವಳಿಗೆ ಎದುರಾಡುವವರು ಯಾರು?

ಒಂದು ದಿನ ಬೀಸುಕಲ್ಲಿಗೆ ಉಳಿ ಹೊಡೆಯುವವನು ಕೇರಿಗೆ ಬಂದ. ಮದ್ದು ತೇಯುವ ಕಲ್ಲೂ ಸವೆದು ನುಣ್ಣಗಾಗಿತ್ತು. ತಾಯಿಯ ಕೈ ನೋಯಬಾರದೆಂದು ಕುಂಬಾರ ಅದಕ್ಕೂ ಉಳಿ ಹೊಡೆಸಿ ತರಿತರಿ ಮಾಡಿಸಿದ. ಒಳ್ಳೆಯ ಮಗ, ಏನು ಮಾಡುವುದು! ಈಗ ಹಗುರಾಗಿ ತೇಯುತ್ತದೆ ಎಂದು ಮುದುಕಿಗೆ ಸಂತೋಷವಾಯಿತು. ಲೆಕ್ಕ ಬದಲಿಸಬೇಕೆಂದು ಹೊಳೆಯಲಿಲ್ಲ.

ಆ ಸಂಜೆಯಿಂದ ಕೂಸು ಅಳಲಿಲ್ಲ. ಮದ್ದು ಹತ್ತಿತು ಎಂದು ಮುದುಕಿ ಹಿಗ್ಗಿದಳು. ಎಂಥ ಸಾಧು ಕೂಸು ಎಂದು ಕೇರಿಯವರು ಹೊಗಳಿ ಹೋದರು. ಕೂಸಿನ ತಾಯಿಗೆ ಮಾತ್ರ ಆ ಮೌನ ಹಿಡಿಸಲಿಲ್ಲ. ಹಾಲು ತುಂಬಿ ಎದೆ ಬಿಗಿಯುತ್ತಿತ್ತು. ಕೂಸು ಕಣ್ಣೇ ಬಿಡುತ್ತಿರಲಿಲ್ಲ. ಅದರ ಬಾಯಿ ಒಣಗಿತ್ತು. ಎರಡನೆಯ ದಿನ ಬೆಳಗಿನಿಂದ ತೊಟ್ಟಿಲ ಬಟ್ಟೆ ಒದ್ದೆಯಾಗಿರಲಿಲ್ಲ.

"ಅತ್ತೀ, ಕೂಸು ಅಳವಲ್ದು, ಖರೆ. ಆದ್ರ ಹಾಲೂ ಕೇಳವಲ್ದು," ಎಂದಳು.

"ನನ್ನ ಮದ್ದಿನ ಮ್ಯಾಲ ಸಂಶೆ ಏನವಾ ನಿನಗ?" ಎಂದಳು ಅತ್ತೆ.

ಮುದುಕಿಗೂ ಒಳಗೊಳಗೆ ಸಂಶಯ ಬಂದಿತ್ತು. ಆದರೆ ಅದು ನೆರೆಯವರ ಕಣ್ಣಿನ ಮೇಲೆ, ಸೊಸೆ ಉಂಡ ಬದನೆಕಾಯಿಯ ಮೇಲೆ, ಜಾಯಿಕಾಯಿ ಮಾರಿದ ಅಂಗಡಿಯವನ ಮೇಲೆ. ತನ್ನ ಎರಡು ಸುತ್ತಿನ ಮೇಲೆ ಎಳ್ಳಷ್ಟೂ ಇರಲಿಲ್ಲ.

ಸೊಸೆ ವಾದ ಮಾಡಲಿಲ್ಲ. ಕಲ್ಲು ತಂದು ಅತ್ತೆಯ ಎದುರಿಗೇ ಜಾಯಿಕಾಯಿಯನ್ನು ಎರಡು ಸುತ್ತು ತೇಯ್ದಳು. ಮೊದಲೆಲ್ಲ ಕಲ್ಲಿಗೆ ಬಣ್ಣವಷ್ಟೇ ಹತ್ತುತ್ತಿತ್ತು. ಈಗ ಗಂಧದ ಹಾಗೆ ದಪ್ಪಗೆ ಕುಳಿತಿತ್ತು. ಮುದುಕಿ ಅದನ್ನು ಬೆರಳಿನಿಂದ ಬಳಿದು ನೋಡಿದಳು. ಕಲ್ಲನ್ನು ಆಚೆ ತಳ್ಳಿ ಎದ್ದಳು.

ಕೂಸನ್ನು ಎತ್ತಿಕೊಂಡು ಮೂವರೂ ವೈದ್ಯನ ಮನೆಗೆ ಓಡಿದರು. ವೈದ್ಯ ಮೊದಲು ಮದ್ದು ನಿಲ್ಲಿಸಿದ. ಹಾಲನ್ನು ಹನಿಹನಿಯಾಗಿ ಇಳಿಸುತ್ತ ಪಕ್ಕದಲ್ಲೇ ಕಾದು ಕುಳಿತ. ಉಳಿಯುತ್ತದೆ ಎಂದು ಅವನೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಕೂಸು ಮುಖ ಕಿವುಚಿ, ಕೇರಿಗೆಲ್ಲ ಕೇಳುವಂತೆ ಕಿರುಚಿತು. ಆ ಅಳು ಕೇಳಿ ಮುದುಕಿ ನೆಲದ ಮೇಲೆ ಕುಳಿತು ತಾನೂ ಅತ್ತಳು.

ಕೂಸು ಉಳಿಯಿತಲ್ಲ, ಪುಣ್ಯ ಎಂದ ಅಡಿವೆಯ್ಯ.

ಗುರುಗಳು ಕೇಳಿದರು: "ನಿನ್ನ ಮನಸ್ಸು ಹಾಲು ಕೇಳುತ್ತಿದೆಯೇನಪ್ಪಾ?"