ಹತ್ತೊಂಬತ್ತು ದಿನದ ಖಾಲಿ ಸಾಲು

"ಗುರುಗಳೇ, ಒಂದು ಪಟ್ಟಿ ಒಳ್ಳೆಯದು ಎಂದು ಯಾವುದರಿಂದ ತಿಳಿಯಬೇಕು?"

ಕಾತ್ಯಾಯಿನಿ ನಿಂತುಕೊಂಡೇ ಕೇಳಿದಳು. ಚಾಪೆ ಹಾಸಿತ್ತು. ಕೂರಲಿಲ್ಲ.

ಗುರುಗಳು ಹಳೆಯ ಪುಸ್ತಕವೊಂದಕ್ಕೆ ರಟ್ಟು ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

"ಯಾವ ಪಟ್ಟಿ ತಾಯಿ? ದಿನಸಿಯದೋ, ಮದುವೆಗೆ ಕರೆಯುವವರದೋ?"

"ತಮಾಷೆಯ ಮಾತಲ್ಲ. ರಾಷ್ಟ್ರನಾಯಕರ ಪಟ್ಟಿ."

"ಹಾಗಾದರೆ ಮದುವೆಯದಕ್ಕಿಂತ ಸುಲಭ. ಬಿಟ್ಟುಹೋದವರು ಬಂದು ಮುನಿಸಿಕೊಳ್ಳುವುದಿಲ್ಲ."

ಕಾತ್ಯಾಯಿನಿ ನಗಲಿಲ್ಲ. ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ಅವಳು. ನಿವೃತ್ತಿಯ ನಂತರ ಅಂತರ್ಜಾಲದ ವಿಶ್ವಕೋಶವೊಂದರಲ್ಲಿ ಪಟ್ಟಿಗಳನ್ನು ಪರಿಶೀಲಿಸುವ ಕೆಲಸ ಹಿಡಿದಿದ್ದಳು. ಆ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು. ಬರೆದದ್ದು ಉತ್ತಮವೆಂದು ಪರಿಶೀಲಿಸಿದವರು ಒಪ್ಪಿದರೆ ಪುಟದ ಮೂಲೆಯಲ್ಲಿ ಒಂದು ನಕ್ಷತ್ರ ಬೀಳುತ್ತದೆ. ನಕ್ಷತ್ರ ಬಿದ್ದ ಪಟ್ಟಿಯನ್ನು ಶಾಲೆಯವರು ನಕಲು ಮಾಡಿಕೊಳ್ಳುತ್ತಾರೆ, ಪತ್ರಿಕೆಯವರು ಹಾಕಿಕೊಳ್ಳುತ್ತಾರೆ. ಆಮೇಲೆ ಯಾರೂ ಮತ್ತೊಮ್ಮೆ ನೋಡುವುದಿಲ್ಲ.

"ಒಂದು ದ್ವೀಪ ದೇಶದ ಅಧ್ಯಕ್ಷರ ಪಟ್ಟಿ," ಎಂದಳು ಅವಳು. "ಬರೆದವರು ಹಳ್ಳಿಯ ಶಾಲೆಯ ಒಬ್ಬ ಮಾಸ್ತರರು. ಎರಡು ವರ್ಷದ ಕೆಲಸ. ಮೂವತ್ತೆಂಟು ಹೆಸರು. ನಾನು ನಲವತ್ತೊಂದು ತಪ್ಪು ತೋರಿಸಿದೆ. ಎಲ್ಲವನ್ನೂ ತಿದ್ದಿದರು, ಒಮ್ಮೆಯೂ ಎದುರು ಹೇಳಲಿಲ್ಲ. ಕಡೆಗೆ ಒಂದೇ ಉಳಿದಿತ್ತು. ಇಬ್ಬರು ಅಧ್ಯಕ್ಷರ ನಡುವೆ ಹದಿನೇಳು ದಿನ ಖಾಲಿ. ಹೋದ ವಾರ 'ಅಪೂರ್ಣ, ಸರಿಪಡಿಸಿ' ಎಂದು ಬರೆದೆ. ಎರಡೇ ದಿನದಲ್ಲಿ ಸರಿಪಡಿಸಿದರು. ಈಗ ಒಬ್ಬರ ಅವಧಿ ಮುಗಿದ ದಿನವೇ ಇನ್ನೊಬ್ಬರದು ಶುರು. ಎಲ್ಲಿ ಬೆರಳಿಟ್ಟರೂ ದೋಷವಿಲ್ಲ."

"ಮತ್ತೇನು? ನಕ್ಷತ್ರ ಕೊಟ್ಟುಬಿಡಿ."

"ಬೆಳಗಿನಿಂದ ನಾಲ್ಕು ಸಲ ಕಂಪ್ಯೂಟರಿನ ಮುಂದೆ ಕೂತೆ ಗುರುಗಳೇ. ಒಪ್ಪಿಗೆ ಒತ್ತಲು ಕೈ ಬರಲಿಲ್ಲ. ಕಾಲಲ್ಲಿ ಮುಳ್ಳು ಮುರಿದ ಹಾಗಿದೆ. ಕಾಣುವುದಿಲ್ಲ, ಹೆಜ್ಜೆ ಇಟ್ಟರೆ ಚುಚ್ಚುತ್ತದೆ. ಸಂಜೆ ಐದಕ್ಕೆ ಗಡುವು."

ಗುರುಗಳು ಗೋಡೆಯ ಗಡಿಯಾರ ನೋಡಿದರು. ನಾಲ್ಕು ಗಂಟೆ. ಅಂಟಿನ ಬಟ್ಟಲನ್ನು ಪಕ್ಕಕ್ಕಿಟ್ಟರು.

"ಕೂತುಕೊಳ್ಳಿ," ಎಂದರು. "ನಿಂತವರಿಗೆ ನಾನು ಕತೆ ಹೇಳುವುದಿಲ್ಲ."

ಅವಳು ಚಾಪೆಯ ತುದಿಯಲ್ಲಿ ಕೂತಳು. ಗುರುಗಳು ಹೇಳತೊಡಗಿದರು.

ಒಂದು ರಾಜ್ಯವಿತ್ತು. ಅಲ್ಲಿಯ ಅರಸನಿಗೆ ತನ್ನ ಹಿಂದೆ ಆಳಿದವರೆಲ್ಲರ ಪಟ್ಟಿಯನ್ನು ನ್ಯಾಯಸಭೆಯ ಗೋಡೆಯ ಮೇಲೆ ಕಲ್ಲಿನಲ್ಲಿ ಕೆತ್ತಿಸಬೇಕು ಎಂದು ಮನಸ್ಸಾಯಿತು. ಬರೆಯಲು ಒಬ್ಬ ಲಿಪಿಕಾರನನ್ನು ನೇಮಿಸಿದ. ಬರೆದದ್ದನ್ನು ತೂಗಿ ನೋಡಲು ಒಬ್ಬ ಪರೀಕ್ಷಕನನ್ನು ನೇಮಿಸಿದ.

ಲಿಪಿಕಾರ ಮುದುಕ. ಇದೇ ತನ್ನ ಕೊನೆಯ ಕೆಲಸ ಎಂದು ಅವನಿಗೆ ಗೊತ್ತಿತ್ತು. ಪಟ್ಟಿ ಒಪ್ಪಿಗೆಯಾದರೆ ಗೋಡೆಯ ಬುಡದಲ್ಲಿ ಪರೀಕ್ಷಕನ ಹೆಸರಿನ ಜೊತೆ ಅವನ ಹೆಸರನ್ನೂ ಸಣ್ಣದಾಗಿ ಕೆತ್ತುವುದಾಗಿ ಅರಸ ಮಾತು ಕೊಟ್ಟಿದ್ದ. ಮುದುಕನಿಗೆ ಅದೊಂದು ಆಸೆ.

ಪರೀಕ್ಷಕ ಬೇರೆ ಸೀಮೆಯಿಂದ ಬಂದವನು. ಅವನ ಕಣ್ಣು ಬಲು ಚುರುಕು. ಸೊಟ್ಟ ಅಕ್ಷರವೊಂದಿದ್ದರೆ ಬಾಗಿಲಲ್ಲಿ ನಿಂತೇ ತೋರಿಸುತ್ತಿದ್ದ. "ನನ್ನ ಕಣ್ಣು ತಪ್ಪಿಸಿ ಹೋಗುವ ದೋಷ ಇನ್ನೂ ಹುಟ್ಟಿಲ್ಲ," ಎಂದು ಹೇಳಿಕೊಳ್ಳುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ. ದೋಷ ಕಂಡ ಕಡೆ ಕೆಮ್ಮಣ್ಣಿನಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಕೆಂಪು ಗೆರೆಯಿರುವ ಪಟ್ಟಿ ಗೋಡೆಗೆ ಏರುವಂತಿರಲಿಲ್ಲ.

ಲಿಪಿಕಾರ ಪಟ್ಟಿಯನ್ನು ಮರದ ಹಲಗೆಯ ಮೇಲೆ ಬರೆದು ತಂದ. ಅಕ್ಷರಗಳ ಎತ್ತರ ಸಮನಾಗಿಲ್ಲವೆಂದು ಪರೀಕ್ಷಕ ಗೆರೆ ಎಳೆದ. ಮುದುಕ ಹಲಗೆ ಒರೆಸಿ ಮತ್ತೆ ಬರೆದ. ಇಬ್ಬರು ಅರಸರ ಬಿರುದುಗಳನ್ನು ಬೇರೆ ಬೇರೆ ರೀತಿಯಲ್ಲಿ ಬರೆದಿದೆ ಎಂದು ಮತ್ತೊಂದು ಗೆರೆ ಬಿತ್ತು. ಅದನ್ನೂ ತಿದ್ದಿದ. ಮೂರನೆಯ ಸಲ ತಂದಾಗ ಪರೀಕ್ಷಕನ ಬೆರಳು ಹಲಗೆಯ ನಡುವೆ ಒಂದು ಕಡೆ ನಿಂತಿತು. ಅಲ್ಲಿ ಎರಡು ಬೆರಳಿನಷ್ಟು ಜಾಗ ಖಾಲಿ ಇತ್ತು.

"ಇದೇನು? ಇಲ್ಲಿ ಬರೆಯುವಾಗ ನಿದ್ದೆ ಬಂತೇ?"

"ಇಲ್ಲ ಒಡೆಯಾ. ಆ ಹತ್ತೊಂಬತ್ತು ದಿನ ಪಟ್ಟ ಕಟ್ಟಿಸಿಕೊಂಡವರು ಯಾರೂ ಇರಲಿಲ್ಲ. ಪಟ್ಟವಾಗದವರ ಹೆಸರು ಬರೆಯುವುದಿಲ್ಲ, ಇನ್ನೊಬ್ಬರ ಹೆಸರನ್ನು ಅಲ್ಲಿಗೆ ಎಳೆಯುವುದೂ ಇಲ್ಲ. ಹೀಗೆ ಬಿಡುವುದು ನಮ್ಮವರ ಪದ್ಧತಿ."

"ಹತ್ತೊಂಬತ್ತು ದಿನ ರಾಜ್ಯ ಗಾಳಿಯಲ್ಲಿ ತೇಲುತ್ತಿತ್ತೋ? ನೋಡಿದವರು ನಕ್ಕಾರು."

"ತೇಲಲಿಲ್ಲ ಒಡೆಯಾ. ಆಗ ತೀರಿಕೊಂಡ ಅರಸನ ಅಕ್ಕ..."

ಪರೀಕ್ಷಕ ಕೈ ಎತ್ತಿದ.

"ನನಗೆ ಕತೆ ಬೇಡ. ಸಾಲು ಬೇಕು."

ಖಾಲಿ ಜಾಗದ ಪಕ್ಕದಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ ಎಳೆದು ಹಲಗೆಯನ್ನು ಹಿಂದಿರುಗಿಸಿದ.

ಮುದುಕ ಈ ಸಲ ಅದೇ ಹಲಗೆಯನ್ನು ಒರೆಸಲಿಲ್ಲ. ಮರುದಿನ ಹೊಸ ಹಲಗೆ ತಂದ. ಪರೀಕ್ಷಕ ಮೇಲಿನಿಂದ ಕೆಳಗೆ ಬೆರಳು ಓಡಿಸಿದ. ಬೆರಳು ಎಲ್ಲಿಯೂ ತಡೆಯಲಿಲ್ಲ. ಸತ್ತ ಅರಸನ ಆಳ್ವಿಕೆ ಹತ್ತೊಂಬತ್ತು ದಿನ ಬೆಳೆದಿತ್ತು. ಅವನು ಆಳಿ ಮುಗಿಸಿದ ದಿನವೇ ಮಗ ಪಟ್ಟಕ್ಕೆ ಕೂತಿದ್ದ.

"ಈಗ ನೋಡು," ಎಂದ ಪರೀಕ್ಷಕ. "ಕಾಲುವೆಯಲ್ಲಿ ನೀರು ಹರಿದ ಹಾಗಿದೆ. ಇದನ್ನು ಮೊದಲೇ ಮಾಡಲು ನಿನಗೇನಾಗಿತ್ತು?"

ಮುದುಕ ಹೊರಡುವಾಗ ಒಂದು ಮಾತು ಹೇಳಿದ.

"ಗೋಡೆಯ ಬುಡದಲ್ಲಿ ನನ್ನ ಹೆಸರು ಬೇಡ ಒಡೆಯಾ."

ಪರೀಕ್ಷಕ ಅದನ್ನು ವಿನಯ ಎಂದುಕೊಂಡ. ನಾಲ್ಕು ಜನರ ಮುಂದೆ ಹೊಗಳಿಯೂ ಹೊಗಳಿದ. ಆದರೆ ಆ ದಿನದಿಂದ ಅವನಿಗೆ ಏಕೋ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಪಟ್ಟಿಯನ್ನು ಕೆತ್ತಿದ ಮೇಲೂ ಗೋಡೆಯ ಮುಂದೆ ಹೋಗಿ ನಿಲ್ಲುತ್ತಿದ್ದ. ಅಕ್ಷರಗಳನ್ನು ಎಣಿಸುತ್ತಿದ್ದ. ಎಲ್ಲ ಸರಿಯಾಗಿರುತ್ತಿತ್ತು. ಮನೆಗೆ ಹೋಗುತ್ತಿದ್ದ. ಮತ್ತೆ ಬರುತ್ತಿದ್ದ.

ಎರಡು ವರ್ಷ ಕಳೆಯಿತು. ಹೊಸ ನ್ಯಾಯಾಧಿಕಾರಿ ಬಂದ. ರಾಜ್ಯದಲ್ಲಿ ಸುಳ್ಳು ಪತ್ರಗಳು ಹೆಚ್ಚಾಗಿವೆ ಎಂದು ಅವನಿಗೆ ದೂರು ಹೋಯಿತು. ಹಳೆಯ ಆಜ್ಞಾಪತ್ರ ಇಟ್ಟುಕೊಂಡವರೆಲ್ಲ ಸಭೆಗೆ ಬರಬೇಕು, ಗೋಡೆಯ ಪಟ್ಟಿಗೆ ಹೋಲಿಸಿ ಹೊಸ ಮುದ್ರೆ ಹಾಕಿಸಿಕೊಳ್ಳಬೇಕು ಎಂದು ಡಂಗುರ ಹೊಡೆಸಿದ.

ಒಬ್ಬ ನೇಕಾರ ಬಂದ. ಐವತ್ತು ದಾಟಿದವನು. ಮೂವತ್ತು ವರ್ಷದ ಹಿಂದೆ, ಮಾಡದ ಕೊಲೆಗೆ ಜೀವವಿರುವವರೆಗೆ ಸೆರೆ ಎಂದು ತೀರ್ಪಾಗಿ, ಆಮೇಲೆ ವಿಚಾರಣೆ ಮರಳಿ ನಡೆದು ಬಿಡುಗಡೆಯಾದವನು. ಬಿಡುಗಡೆಯ ಪತ್ರವನ್ನು ಮಡಿಕೆ ಹರಿಯದಂತೆ ರೇಷ್ಮೆಯ ತುಂಡಿಗೆ ಅಂಟಿಸಿ ಇಟ್ಟುಕೊಂಡಿದ್ದ. ಅದರ ಮೇಲೆ ಆಗಿನ ಅರಸನ ಅಕ್ಕನ ಸಹಿ ಇತ್ತು.

ನ್ಯಾಯಾಧಿಕಾರಿ ಪತ್ರ ನೋಡಿದ. ಗೋಡೆ ನೋಡಿದ.

"ಈ ದಿನ ಅರಸ ಆಳುತ್ತಿದ್ದ. ಅರಸ ಇರುವಾಗ ಅರಸನ ಅಕ್ಕ ಸಹಿ ಹಾಕುವುದು ಹೇಗೆ? ಇದು ಸುಳ್ಳು ಪತ್ರ."

"ಸ್ವಾಮಿ, ಅರಸರು ಆಗಲೇ ತೀರಿಕೊಂಡಿದ್ದರು. ಅವರು ಹೋದ ದಿನ ಸೆರೆಯಲ್ಲಿ ನಮಗೆಲ್ಲ ಉಪ್ಪಿಲ್ಲದ ಗಂಜಿ ಕೊಟ್ಟರು. ನನಗೆ ಚೆನ್ನಾಗಿ ನೆನಪಿದೆ. ಯುವರಾಜರು ದೂರದ ದಂಡಿನಲ್ಲಿದ್ದರು. ಅವರು ಬರುವವರೆಗೆ ಅರಸರ ಅಕ್ಕನವರೇ ಮುದ್ರೆ ಹಿಡಿದಿದ್ದರು."

"ಗೋಡೆ ಹಾಗೆ ಹೇಳುವುದಿಲ್ಲ."

"ಗೋಡೆ ಗಂಜಿ ಕುಡಿದಿಲ್ಲ ಸ್ವಾಮಿ."

ಸಭೆಯಲ್ಲಿ ಯಾರೋ ನಕ್ಕರು. ನ್ಯಾಯಾಧಿಕಾರಿ ನಗಲಿಲ್ಲ. ನೇಕಾರನ ಕೈಗೆ ಸಂಕೋಲೆ ಬಿತ್ತು. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇದೆ, ಅದನ್ನಾದರೂ ಮುಗಿಸಿ ಬರಲಿ ಎಂದು ಕೇಳಿಕೊಂಡಳು. ಅದೂ ಆಗಲಿಲ್ಲ.

ನ್ಯಾಯಾಧಿಕಾರಿ ಕ್ರಮ ತಪ್ಪದವನು. ಶಿಕ್ಷೆ ಬರೆಯುವ ಮೊದಲು ಪರೀಕ್ಷಕನನ್ನು ಕರೆಸಿದ.

"ಈ ಪಟ್ಟಿಯನ್ನು ಒಪ್ಪಿದವರು ನೀವು. ಇದರಲ್ಲಿ ದೋಷವಿದೆಯೇ?"

ಪರೀಕ್ಷಕ ಪತ್ರದ ದಿನಾಂಕ ಓದಿದ. ಕಣ್ಣೆದುರು ಎರಡು ಬೆರಳಿನಷ್ಟು ಖಾಲಿ ಜಾಗ ಬಂತು. ಸಂಜೆಯವರೆಗೆ ಸಮಯ ಕೇಳಿದ. ಕೊಟ್ಟರು.

ಅವನು ಲಿಪಿಕಾರನ ಮನೆಗೆ ನಡೆಯಲಿಲ್ಲ, ಓಡಿದ. ಮುದುಕ ಹಾಸಿಗೆ ಹಿಡಿದಿದ್ದ. ಪರೀಕ್ಷಕನನ್ನು ನೋಡಿ ಮೂಲೆಗೆ ಬೆರಳು ತೋರಿಸಿದ. ಅಲ್ಲಿ ಮೂರನೆಯ ಸಲ ತಂದಿದ್ದ ಆ ಹಲಗೆ ಗೋಡೆಗೆ ಒರಗಿತ್ತು. ಖಾಲಿ ಜಾಗ ಹಾಗೆಯೇ ಇತ್ತು. ಕೆಂಪು ಗೆರೆಯೂ ಮಾಸಿರಲಿಲ್ಲ.

"ತಿರುಗಿಸಿ," ಎಂದ ಮುದುಕ.

ಪರೀಕ್ಷಕ ಹಲಗೆಯನ್ನು ತಿರುಗಿಸಿದ. ಹಿಂಬದಿಯಲ್ಲಿ ಇರುವೆಯ ಸಾಲಿನಂತೆ ಸಣ್ಣ ಅಕ್ಷರಗಳಿದ್ದವು. ಅರಸ ಉಸಿರು ಬಿಟ್ಟ ದಿನ, ಅದನ್ನು ಹೇಳಿದ ವೈದ್ಯನ ಹೆಸರು. ಯುವರಾಜ ಊರ ಬಾಗಿಲು ದಾಟಿದ ದಿನ, ಅದನ್ನು ಬರೆದಿಟ್ಟ ಕಾವಲಿನವನ ಹೆಸರು. ನಡುವೆ ಮುದ್ರೆ ಹಿಡಿದವಳು ಯಾರು, ಆಕೆ ಹೊರಡಿಸಿದ ಆಜ್ಞೆಗಳು ಯಾವುವು. ಆರನೆಯದು ನೇಕಾರನ ಬಿಡುಗಡೆ.

ಆ ಸೀಮೆಯ ಲಿಪಿಕಾರರದು ಅದೇ ರೂಢಿ. ಮುಂದೆ ಖಾಲಿ ಬಿಟ್ಟರೆ, ಏಕೆ ಬಿಟ್ಟೆ ಎಂದು ಹಿಂದೆ ಬರೆಯುತ್ತಾರೆ. ಹೊರಗಿನಿಂದ ಬಂದ ಪರೀಕ್ಷಕನಿಗೆ ಅದು ಗೊತ್ತಿರಲಿಲ್ಲ. ಮೂರು ಸಲ ಹಲಗೆ ಅವನ ಕೈಗೆ ಬಂದಿತ್ತು. ಮೂರು ಸಲವೂ ಮುಂಬದಿಯನ್ನೇ ನೋಡಿದ್ದ.

"ಇದನ್ನು ಅಂದೇ ಹೇಳಬಾರದಿತ್ತೇ?" ಎಂದ.

"ಬಾಯಿ ತೆರೆದೆ ಒಡೆಯಾ. ನೀವು ಸಾಲು ಕೇಳಿದಿರಿ."

"ಕೇಳಿದರೆ ಸುಳ್ಳು ಸಾಲು ಕೊಡುವುದೇ?"

"ನನ್ನ ತಪ್ಪು ನನಗೆ ಗೊತ್ತು. ಅದಕ್ಕೇ ಹೆಸರು ಬೇಡವೆಂದೆ. ನಿಮ್ಮ ಹೆಸರು ಅಲ್ಲಿದೆಯಲ್ಲ?"

ಪರೀಕ್ಷಕ ಹಲಗೆ ಹೊತ್ತುಕೊಂಡು ಸಭೆಗೆ ಬಂದ. ಹೊತ್ತು ಇಳಿದಿತ್ತು. ಶಿಕ್ಷೆ ಬರೆಯುವವನು ಲೇಖನಿ ಅದ್ದಿ ಕೂತಿದ್ದ. ಪರೀಕ್ಷಕ ಹಲಗೆಯ ಎರಡೂ ಬದಿಗಳನ್ನು ನ್ಯಾಯಾಧಿಕಾರಿಗೆ ತೋರಿಸಿದ.

"ಗೋಡೆಯ ಮೇಲೆ ಹತ್ತೊಂಬತ್ತು ದಿನ ಸುಳ್ಳು," ಎಂದ.

"ಯಾರ ಸುಳ್ಳು?"

"ಬರೆದ ಕೈ ಲಿಪಿಕಾರನದು. ಬರೆಸಿದ ಗೆರೆ ನನ್ನದು."

ನೇಕಾರನ ಸಂಕೋಲೆ ಕಳಚಿದರು. ಅವನು ಪತ್ರವನ್ನು ಮಡಿಸಿಕೊಂಡು, ಯಾರ ಮುಖವನ್ನೂ ನೋಡದೆ, ಹೆಂಡತಿಯ ಜೊತೆ ಮಗ್ಗದ ಕಡೆಗೆ ನಡೆದ.

ಪರೀಕ್ಷಕ ಶಿಲ್ಪಿಯನ್ನು ಕರೆಸಲಿಲ್ಲ. ತಾನೇ ಉಳಿ ಹಿಡಿದು ಆ ಸಾಲನ್ನು ಕೆತ್ತಿ ತೆಗೆದ. ಕೈಗೆ ಅಭ್ಯಾಸವಿರಲಿಲ್ಲ. ಕಲ್ಲು ಅಡ್ಡಾದಿಡ್ಡಿ ಚಕ್ಕೆ ಎದ್ದಿತು. ಅಂಥ ನುಣುಪಾದ ಗೋಡೆಯ ನಡುವೆ ಹಲ್ಲು ಬಿದ್ದ ಬಾಯಿಯಂತೆ ಒಂದು ಗುಳಿಯಾಯಿತು. ಮುಂದೆ ಸಭೆಗೆ ಬಂದವರೆಲ್ಲ ಅದನ್ನು ಬಾಗಿಲಿನಿಂದಲೇ ನೋಡುತ್ತಿದ್ದರು. "ಇಷ್ಟು ದೊಡ್ಡ ದೋಷ ಪರೀಕ್ಷಕನ ಕಣ್ಣಿಗೆ ಬೀಳಲಿಲ್ಲವೇ?" ಎಂದು ಕೇಳುತ್ತಿದ್ದರು. ಅವನು ಅಲ್ಲಿಯೇ ಕೂತಿರುತ್ತಿದ್ದ. ಸಮಜಾಯಿಷಿ ಕೊಡುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಂಟಿನ ಬಟ್ಟಲನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

ಕಾತ್ಯಾಯಿನಿ ನೆಟ್ಟಗೆ ಕೂತಳು. ಕತೆ ಯಾರ ಕಡೆಗೆ ತಿರುಗಿದೆ ಎಂದು ತಿಳಿಯದಷ್ಟು ದಡ್ಡಿಯಲ್ಲ ಅವಳು. ಮುಖ ಕೆಂಪಾಗಿತ್ತು.

"ನಾನು ಆ ಪರೀಕ್ಷಕನಂಥವಳಲ್ಲ ಗುರುಗಳೇ. ಅಂದಚೆಂದ ನೋಡಿ ಒಪ್ಪುವವಳಲ್ಲ. ಒಂದೊಂದು ದಿನಾಂಕಕ್ಕೂ ಆಧಾರ ಕೇಳುತ್ತೇನೆ. ಆಧಾರವಿಲ್ಲದ ಒಂದು ದಿನವನ್ನೂ ನಾನು ಬಿಟ್ಟಿಲ್ಲ. ಬೇಕಾದರೆ ನೀವೇ ಕೇಳಿ ನೋಡಿ."

"ಕೇಳಲೇ?"

"ಕೇಳಿ."

ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. ಗುರುಗಳು ರಟ್ಟಿನ ಅಂಚಿಗೆ ಅಂಟು ಸವರುತ್ತಾ ಕೇಳಿದರು.

"ಆ ಮಾಸ್ತರರು ಎರಡೇ ದಿನದಲ್ಲಿ ನಿಮ್ಮ ಹದಿನೇಳು ದಿನವನ್ನು ಎಲ್ಲಿಂದ ತಂದರು ತಾಯಿ?"

"ಅದೊಂದನ್ನು ನಾನು ಕೇಳಲಿಲ್ಲ," ಎಂದಳು ಕಾತ್ಯಾಯಿನಿ. ಮಾಸ್ತರರನ್ನು ಕೇಳಲು ಎದ್ದಳು.