ತೊಟ್ಟಿಲ ಪಕ್ಕದ ಮುದ್ರೆ

"ಕೇಳ್ರಪ್ಪೋ ಕೇಳಿ! ರಾಣಿ ಹೊನ್ನಾಂಬೆಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಹೋಗುತ್ತದೆ!" ಎಂದು ಕಲ್ಲಹಳ್ಳ ಪಟ್ಟಣದಲ್ಲಿ ಡಂಗುರ ಹೊಡೆದರು.

ಆ ರಾಜ್ಯದಲ್ಲಿ ಆನೆ, ಕುದುರೆ, ಪಲ್ಲಕ್ಕಿ ಎಲ್ಲ ಇದ್ದವು. ಮನೆಮನೆಗೂ ಇಂಟರ್‌ನೆಟ್ಟಿನ ಮೋಡೆಮ್ಮೂ ಇತ್ತು. ಕತೆ ಅಂದಮೇಲೆ ಇರಬಾರದೇನು? ಮೋಡೆಮ್ ಮಾಡುವ ವರ್ತಕರೇ ಸೇರಿ ಒಂದು ಮುದ್ರೆಮನೆ ಕಟ್ಟಿಕೊಂಡಿದ್ದರು. ಅಲ್ಲಿ ಪರೀಕ್ಷೆ ಮಾಡಿ, 'ಸುರಕ್ಷಿತ' ಎಂಬ ಮುದ್ರೆಚೀಟಿ ಅಂಟಿಸಿದ ಮೇಲೆಯೇ ಪೆಟ್ಟಿಗೆ ಅಂಗಡಿಗೆ ಬರಬೇಕು. ಚೀಟಿ ಕಂಡರೆ ಸಾಕು, ಜನ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು.

ಅಂಥ ಚೀಟಿ ಹೊತ್ತ ಮೋಡೆಮ್ ಒಂದು ದಿನ ಅರಮನೆಯಲ್ಲೇ ಹೊತ್ತಿಕೊಂಡಿತು. ಪಕ್ಕದಲ್ಲಿ ರಾಣಿಯ ಕೂಸಿನ ತೊಟ್ಟಿಲಿತ್ತು. ತೊಟ್ಟಿಲು ತೂಗುತ್ತಿದ್ದ ಸಿದ್ದವ್ವ ಕೂಸನ್ನು ಎತ್ತಿಕೊಂಡು, ಬೆಂಕಿ ಆರಿಸಿ, ಕೈ ಸುಟ್ಟುಕೊಂಡಳು. ಮುದ್ರೆಮನೆಯ ಯಜಮಾನ ಲಿಂಗರಸ ಓಡಿ ಬಂದು, "ನಮ್ಮ ಮುದ್ರೆ ಬಿದ್ದ ಪೆಟ್ಟಿಗೆ ತಾನಾಗಿ ಸುಡೋದಿಲ್ಲ ಮಹಾತಾಯಿ. ಯಾರೋ ಸುಟ್ಟಿದ್ದಾರೆ" ಎಂದ. ಕೋಣೆಯಲ್ಲಿದ್ದವಳು ಸಿದ್ದವ್ವ ಒಬ್ಬಳೇ. ಅವಳನ್ನು ಸೆರೆಮನೆಗೆ ತಳ್ಳಿದರು.

ಆದರೆ ರಾಣಿಗೆ ಅಂದಿನಿಂದ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ. ಹಾಲು ಕೊಟ್ಟವಳಿಗೇ ಮೊದಲು ಕುಡಿಸಿ ನೋಡುವಳು. ದೀಪ ಹಚ್ಚಿದವನ ಕೈ ಮೂಸಿ ನೋಡುವಳು. ಸಿದ್ದವ್ವನ ಮೇಲೆ ಅನುಮಾನ, ಲಿಂಗರಸನ ಮೇಲೂ ಅನುಮಾನ. ಅದಕ್ಕೇ ಈ ಒಗಟು.

ಮೊದಲು ಬಂದವರು ಆಸ್ಥಾನದ ಪಂಡಿತರು. ರಾಣಿ ಕೇಳಿದಳು: "ಮೂಲೆ ಬಿಟ್ಟು ಕದಲೋದಿಲ್ಲ, ಆದರೂ ದೇಶದ ಸುದ್ದಿಯೆಲ್ಲ ಅದರ ಹೊಟ್ಟೆ ಹಾದೇ ಹೋಗಬೇಕು. ಹಗಲೂ ರಾತ್ರಿ ಕಣ್ಣು ಮಿಟುಕಿಸುತ್ತೆ, ಏನನ್ನೂ ನೋಡೋದಿಲ್ಲ. ಯಾವುದದು?"

ಪಂಡಿತರು ಗಡ್ಡ ನೀವಿಕೊಂಡು "ಗೂಬೆ" ಎಂದರು. ಭಟರು ಅವರನ್ನು ಎಳೆದುಕೊಂಡು ಹೋದರು.

ಮಂತ್ರಿಯ ಮಗ ಮೊದಲನೆಯದನ್ನು ಬಿಡಿಸಿದ. ರಾಣಿ ಎರಡನೆಯದು ಕೇಳಿದಳು: "ಬೆನ್ನಿಗೆ ಅಂಟಿಕೊಂಡೇ ಇರುತ್ತೆ. ತಾನು ಏನೂ ಕಂಡಿಲ್ಲ, ಕಂಡವರ ಪರವಾಗಿ ಸಾಕ್ಷಿ ಹೇಳುತ್ತೆ. ಯಾವುದು?" ಅವನು "ನೆರಳು" ಎಂದು ಸೆರೆ ಸೇರಿದ.

ಸೇನಾಪತಿ ಮೂರನೆಯದರವರೆಗೂ ಬಂದ. ರಾಣಿ ಎರಡು ಮೋಡೆಮ್ ಮುಂದಿಟ್ಟಳು. "ಒಂದು ಮುದ್ರೆಮನೆಯಲ್ಲಿ ಪರೀಕ್ಷೆಯಾದದ್ದು, ಇನ್ನೊಂದು ಸಂತೆಯಲ್ಲಿ ಸಿಕ್ಕಿದ ಖೋಟಾ ಅಂತ ಲಿಂಗರಸರು ಹೇಳ್ತಾರೆ. ಬೆನ್ನ ಮೇಲೆ ಒಂದೇ ಮುದ್ರೆ ಇರೋ ಅವಳಿಗಳು. ಕಳ್ಳ ಯಾರು?"

"ಬಲಗಡೆಯದು. ಎಡಗಡೆಯ ಮುದ್ರೆ ಹೊಳೀತಾ ಇದೆ, ಅದೇ ನಿಜವಾದದ್ದು."

"ಹಾಗಾದರೆ ಅದನ್ನು ನಿನ್ನ ಮಗನ ತೊಟ್ಟಿಲ ಪಕ್ಕ ಇಡ್ತೀಯಾ?"

ಸೇನಾಪತಿ ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟೇ ಸಾಕಾಯಿತು, ಅವನೂ ಸೆರೆ ಸೇರಿದ.

ಆಮೇಲೆ ಬಂದವನು ಕುಂಬಾರ ಕೇರಿಯ ಬೊಮ್ಮ, ಸಿದ್ದವ್ವನ ತಮ್ಮ. ಕೈಯಲ್ಲಿನ ಮಣ್ಣು ಕೂಡ ತೊಳೆದಿರಲಿಲ್ಲ. ಅಮಾವಾಸ್ಯೆಗೆ ಅಕ್ಕನ ವಿಚಾರಣೆಯೂ ಇತ್ತು. ಮೊದಲ ಒಗಟಿಗೆ "ಮೋಡೆಮ್ಮು ತಾಯಿ" ಎಂದ. ಎರಡನೆಯದಕ್ಕೆ "ಅದರ ಮೇಲಿನ ಮುದ್ರೆಚೀಟಿ" ಎಂದ. ಮೂರನೆಯದಕ್ಕೆ ಎರಡು ಪೆಟ್ಟಿಗೆಗಳನ್ನೂ ತಿರುಗಿಸಿ ನೋಡಿದ.

"ಹೇಳು. ಕಳ್ಳ ಯಾರು?"

"ಮುದ್ರೆ ನೋಡಿ ಹೇಳೋಕೆ ಆಗಲ್ಲ ತಾಯಿ. ನನಗೂ ಆಗಲ್ಲ, ಯಾರಿಗೂ ಆಗಲ್ಲ."

ಲಿಂಗರಸ ನಕ್ಕ. "ತಲೆ ತೆಗೆಸಿ ಮಹಾತಾಯಿ, ಗೊತ್ತಿಲ್ಲ ಅಂತ ಅವನೇ ಒಪ್ಪಿಕೊಂಡ."

"ಇನ್ನೊಂದು ಮಾತಿದೆ" ಎಂದ ಬೊಮ್ಮ. "ನಮ್ಮ ಕೇರೀಲಿ ಗಡಿಗೆ ಕೊಳ್ಳೋರು ನಮ್ಮ ಮಾತು ನಂಬಲ್ಲ. ಬಡಿದು ನೋಡ್ತಾರೆ. ಆಮೇಲೂ ಅನುಮಾನ ಇದ್ದರೆ ನೀರು ತುಂಬಿ, ಒಣ ಬೂದಿ ಮೇಲಿಟ್ಟು, ಸಂಜೇವರೆಗೂ ಪಕ್ಕದಲ್ಲೇ ಕೂರ್ತಾರೆ. ಬೂದಿ ಒದ್ದೆಯಾದರೆ ಗಡಿಗೆ ಸೋರುತ್ತೆ ಅಂತ ಅರ್ಥ. ನಮಗೆ ಬೇಜಾರಿಲ್ಲ. ಇವೆರಡಕ್ಕೂ ಕರೆಂಟು ಕೊಟ್ಟು ಹಾಗೇ ಹಚ್ಚಿಡಿ. ನಾನು ಪಕ್ಕದಲ್ಲಿ ಕೂರ್ತೀನಿ. ಯಜಮಾನರೂ ತಮ್ಮ ಪೆಟ್ಟಿಗೆ ಪಕ್ಕ ಕೂರಲಿ."

ಪೆಟ್ಟಿಗೆಗಳನ್ನು ಹಚ್ಚಿದರು. ಬೊಮ್ಮ ಎರಡರ ನಡುವೆ ಚಕ್ಕಂಬಕ್ಕಳ ಹಾಕಿ ಕೂತ. ಲಿಂಗರಸ ಮಾತ್ರ ಪೀಠವನ್ನು ಮೆಲ್ಲನೆ ಕಂಬದ ಆಚೆ ಎಳೆದುಕೊಂಡ. ರಾಣಿ ಅದನ್ನು ನೋಡಿದಳು.

ಹೊತ್ತು ಇಳಿಯುವಷ್ಟರಲ್ಲಿ ಬಲಗಡೆಯ ಪೆಟ್ಟಿಗೆ ಕಾದು, ಮುದ್ರೆಚೀಟಿಯ ಅಂಚು ಸುರುಳಿಯಾಯಿತು. "ನೋಡಿದಿರಾ, ಅದೇ ಖೋಟಾ" ಎಂದ ಲಿಂಗರಸ ಕಂಬದ ಹಿಂದಿನಿಂದ. ಸ್ವಲ್ಪ ಹೊತ್ತಿಗೆ ಎಡಗಡೆಯದರಿಂದಲೂ ಸುಟ್ಟ ವಾಸನೆ ಬಂತು. ಅದರ ಮುದ್ರೆಯೂ ಕಪ್ಪಾಗಿ ಸುರುಳಿಯಾಯಿತು.

"ಎರಡೂ ಕಳ್ಳ ಪೆಟ್ಟಿಗೆಗಳೇ ತಾಯಿ" ಎಂದ ಬೊಮ್ಮ. "ಸಂತೆಯದಕ್ಕೆ ಯಾರೋ ಸುಳ್ಳು ಚೀಟಿ ಅಂಟಿಸಿದರು. ಈ ಯಜಮಾನರು ಪೆಟ್ಟಿಗೆ ಪರೀಕ್ಷೆ ಮಾಡದೆ ನಿಜವಾದ ಚೀಟೀನೇ ಅಂಟಿಸಿದರು. ನಿಮ್ಮ ತೊಟ್ಟಿಲ ಪಕ್ಕ ಇದ್ದದ್ದೂ ಇಂಥದ್ದೇ. ನಮ್ಮಕ್ಕ ಅದನ್ನು ಸುಡಲಿಲ್ಲ, ಆರಿಸಿದಳು."

"ಲಿಂಗರಸರೇ, ನೀವು ಯಾಕೆ ದೂರ ಕೂತಿರಿ?" ಎಂದು ರಾಣಿ ಕೇಳಿದಳು. ಅವನು ಕಂಬಕ್ಕೆ ಇನ್ನಷ್ಟು ಒತ್ತಿಕೊಂಡ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವನನ್ನು ಸೆರೆಗೆ ಹಾಕಿ, ಒಗಟಿನಲ್ಲಿ ಸೋತವರನ್ನು ಬಿಡಿಸಿದರು. ಇನ್ನು ಮುದ್ರೆ ಒತ್ತುವ ಮೊದಲು ಪೆಟ್ಟಿಗೆಯನ್ನು ಸಂತೆಬೀದಿಯಲ್ಲೇ, ಕೊಳ್ಳುವವರ ಎದುರಿಗೆ ಹಚ್ಚಿಡಬೇಕೆಂದು ಆಜ್ಞೆಯಾಯಿತು.

"ಏನು ಬೇಕು, ಕೇಳು" ಎಂದಳು ರಾಣಿ.

"ನಮ್ಮಕ್ಕ."

ಸಿದ್ದವ್ವ ಹೊರಬಂದಾಗ ರಾಣಿ ಆ ಸುಟ್ಟ ಕೈಗಳನ್ನು ಹಿಡಿದುಕೊಂಡು ಅತ್ತುಬಿಟ್ಟಳು. ಅನುಮಾನದಲ್ಲಿ ಎಲ್ಲರ ಕೈ ಮೂಸಿದವಳು, ಕೂಸನ್ನು ಉಳಿಸಿದ ಕೈಯನ್ನು ಮಾತ್ರ ನೋಡಿರಲಿಲ್ಲ. ಚಿನ್ನದ ಬಳೆ ಕೊಟ್ಟಳು, ಮನೆಗೊಂದು ಹೊಸ ಮೋಡೆಮ್ಮನ್ನೂ ಕಳಿಸಿದಳು.

ಮನೆಯಲ್ಲಿ ಸಿದ್ದವ್ವ ಆ ಮೋಡೆಮ್ಮನ್ನು ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ಬಡಿದಳು.

"ಅಕ್ಕ, ಅದು ಗಡಿಗೆ ಅಲ್ಲ. ರಾಣಿಯವರ ಎದುರಿಗೇ ಮುದ್ರೆ ಹಾಕಿದ್ದು."

"ಹೌದೇನೋ" ಎಂದು ಸಿದ್ದವ್ವ ಅದನ್ನು ಅಂಗಳದ ಕಲ್ಲಿನ ಮೇಲಿಟ್ಟು ಹಚ್ಚಿದಳು. ಒಂದು ಬಿಂದಿಗೆ ನೀರು ತಂದು ಪಕ್ಕಕ್ಕಿಟ್ಟುಕೊಂಡು, ಸಂಜೆಯವರೆಗೂ ಅಲ್ಲೇ ಕೂತಳು.