ಡಂಗುರ ಕೇಳಿ ಹಡಗಿನ ಪಾಲು ಮಾರಿದವನು

"ಗುರುಗಳೇ, ಬಡ್ಡಿ ಏರಿದರೆ ಷೇರುಗಳನ್ನು ಮಾರಲೇ, ಇಟ್ಟುಕೊಳ್ಳಲೇ?" ಓಡಿಬಂದ ನಿರಂಜನ ನಿಂತಲ್ಲೇ ಕೇಳಿದ. "ನಾಳೆ ರಿಸರ್ವ್ ಬ್ಯಾಂಕಿನ ತೀರ್ಮಾನ ಹೊರಬೀಳುತ್ತದೆ. ಬೆಲೆಗಳೆಲ್ಲ ಏರಿವೆ, ಬಡ್ಡಿಯೂ ಏರುತ್ತದೆ ಎನ್ನುತ್ತಿದ್ದಾರೆ. ಎಲ್ಲರೂ ಕೊಳ್ಳುತ್ತಿದ್ದಾರೆಂದು ನಾನೂ ಕೊಂಡಿದ್ದೆ. ಈಗ ಎಲ್ಲರೂ ಮಾರುವ ಮಾತಾಡುತ್ತಿದ್ದಾರೆ."

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಂದು ಬಂದರಿನ ಊರಿತ್ತು. ಅಲ್ಲಿ ಹಡಗಿನ ಒಡೆಯರು ಊರವರಿಗೆ ಪಾಲು ಮಾರುತ್ತಿದ್ದರು. ಹಡಗು ತಂದ ಲಾಭವನ್ನು ಪಾಲುದಾರರು ಹಂಚಿಕೊಳ್ಳುತ್ತಿದ್ದರು. ಒಬ್ಬ ವರ್ತಕ ತನ್ನ ಅಂಗಡಿಯ ಗಳಿಕೆಯನ್ನೆಲ್ಲ ಹಾಕಿ ಒಂದು ಹಳೆಯ ಹಡಗಿನಲ್ಲಿ ಪಾಲು ಕೊಂಡಿದ್ದ.

ಆ ವರ್ಷ ಅಕ್ಕಿ, ಎಣ್ಣೆ, ಬಟ್ಟೆ ಎಲ್ಲದರ ಬೆಲೆಯೂ ಏರಿತು. ಊರಲ್ಲಿ ಹಣ ಮಿತಿಮೀರಿ ಓಡಾಡುತ್ತಿದೆ, ಕಡಿವಾಣ ಹಾಕಬೇಕು ಎಂದು ರಾಜಭಂಡಾರದವರು ಬಡ್ಡಿ ಏರಿಸಿ ಡಂಗುರ ಹೊಡೆಸಿದರು. ಸಾಲ ತುಟ್ಟಿಯಾಯಿತು. ಭಂಡಾರದಲ್ಲಿ ಹಣ ಇಟ್ಟವನಿಗೆ ಕೂತಲ್ಲೇ ಲಾಭ. ಹಾಗಿರುವಾಗ ಕಡಲಿಗೆ ಹಣ ಹಾಕುವವರು ಯಾರು? ಪೇಟೆಯಲ್ಲಿ ನೂಕುನುಗ್ಗಲಾಯಿತು. ಎಲ್ಲರೂ ಪಾಲು ಮಾರುವವರೇ. ವರ್ತಕನೂ ಜನರ ನಡುವೆ ನುಗ್ಗಿ, ಸಿಕ್ಕಿದ ಬೆಲೆಗೆ ತನ್ನ ಪಾಲನ್ನು ಮಾರಿ ಮನೆಗೆ ಬಂದ.

"ನಮ್ಮ ಹಡಗಿಗೆ ಏನಾಗಿತ್ತು?" ಎಂದು ಹೆಂಡತಿ ಕೇಳಿದಳು.

"ಹಡಗಿಗೆ ಏನೂ ಆಗಿಲ್ಲ. ಬಡ್ಡಿ ಏರಿದೆ, ಊರೇ ಮಾರುತ್ತಿದೆ."

ಕೆಲವು ವಾರ ಕಳೆಯಿತು. ಬಡ್ಡಿ ಇನ್ನು ಇಳಿಯುತ್ತದೆ ಎಂಬ ಸುದ್ದಿ ಹಬ್ಬಿತು. ಪೇಟೆಗೆ ಮತ್ತೆ ಜೀವ ಬಂತು. ವರ್ತಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹೊಸ ಹಡಗೊಂದರ ಪಾಲು ಎಲ್ಲಕ್ಕಿಂತ ಅಗ್ಗವಾಗಿ ಸಿಗುತ್ತಿತ್ತು. ಇದ್ದಬದ್ದ ಹಣವನ್ನೆಲ್ಲ ಸುರಿದು ಕೊಂಡುಬಿಟ್ಟ. ಆ ಹಡಗನ್ನು ಪೂರ್ತಿ ಸಾಲದಲ್ಲೇ ಕಟ್ಟಿದ್ದರು. ಅದನ್ನು ಅವನು ವಿಚಾರಿಸಲಿಲ್ಲ.

ಮತ್ತೆ ಡಂಗುರ ಮೊಳಗಿತು. ಅಕ್ಕಿ ಎಣ್ಣೆಯ ಬೆಲೆ ಇಳಿದಿರಲಿಲ್ಲವಾದ್ದರಿಂದ ಬಡ್ಡಿ ಇನ್ನಷ್ಟು ಏರಿತ್ತು. ಹೊಸ ಹಡಗಿನ ಒಡೆಯರು ಬಡ್ಡಿ ಕಟ್ಟಲಾಗದೆ ಹಾಯಿಗಳನ್ನೂ ಮಾರಿದರು. ಹಡಗು ದಡದಲ್ಲೇ ಉಳಿಯಿತು.

ಒಂದು ಬೆಳಗ್ಗೆ ಊರೆಲ್ಲ ದಡಕ್ಕೆ ಓಡಿತು. ಹಳೆಯ ಹಡಗು ರೇಷ್ಮೆ ತುಂಬಿಕೊಂಡು ಬರುತ್ತಿತ್ತು. ಅದರ ಮೇಲೆ ಕಾಸಿನ ಸಾಲವೂ ಇರಲಿಲ್ಲ. ಬಟ್ಟೆಯ ಬೆಲೆ ಏರಿದ್ದರಿಂದ ರೇಷ್ಮೆಗೆ ಹಿಂದೆಂದೂ ಸಿಗದ ಬೆಲೆ ಕಾದಿತ್ತು. ವರ್ತಕ ಎಲ್ಲವನ್ನೂ ಮರೆತ. ಮೊಣಕಾಲುದ್ದ ನೀರಿಗಿಳಿದು, ಹೆಗಲ ವಸ್ತ್ರ ಬೀಸುತ್ತ, ಗಂಟಲು ಕಟ್ಟುವಷ್ಟು ಕೂಗಿದ.

ಹೆಂಡತಿ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು: "ಅದು ಈಗ ನಮ್ಮದಲ್ಲ."

ಎತ್ತಿದ ಕೈ ಹಾಗೇ ನಿಂತಿತು.

ಗುರುಗಳು ಕತೆ ನಿಲ್ಲಿಸಿದರು. ನಿರಂಜನ ತಡೆಯಲಾರದೆ ಕೇಳಿದ: "ಹಾಗಾದರೆ ಡಂಗುರಕ್ಕೆ ಕಿವಿಗೊಡಲೇಬಾರದೇ? ಹೊಸ ಹಡಗನ್ನು ದಡದಲ್ಲಿ ನಿಲ್ಲಿಸಿದ್ದು ಅದೇ ಅಲ್ಲವೇ?"

"ಅದೇ. ಈಗ ಹೇಳು, ನೀನು ಷೇರು ಕೊಂಡಿರುವ ಕಂಪನಿಯ ಮೇಲೆ ಎಷ್ಟು ಸಾಲವಿದೆ?"